ಒಂದು ಬಲ್ಬು ಹೊತ್ತಿಸಲು ಹದಿನಾಲ್ಕು ಹೆಜ್ಜೆ

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ನನಗೆ ಫೋನ್ ಮಾಡಿ, "ಸಾರ್, ಮಕ್ಕಳಿಗೆ ಉಪಯೋಗ ಆಗುವ ವಿಷಯದ ಬಗ್ಗೆ ಮಾತನಾಡಬೇಕು" ಎಂದು ಹೇಳಿದ್ದರು. ನಾನು ಆಯ್ದುಕೊಂಡಿರುವುದು ಯಾವ ಉಪಯೋಗವೂ ಇಲ್ಲದ ಯಂತ್ರಗಳನ್ನು. ಕಾರ್ಯದರ್ಶಿಯವರು ಕ್ಷಮಿಸಬೇಕು. ಮೂವತ್ತು ವರ್ಷ ಉಪಯೋಗದ ಬಗ್ಗೆಯೇ ಪಾಠ ಮಾಡಿದ ನಾನು, ಒಬ್ಬ ವಿದ್ಯಾರ್ಥಿಯ ವಿಷಯದಲ್ಲಿ ಮಾಡಿದ ತಪ್ಪನ್ನು ಇಂದು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ. ಅದಕ್ಕೆ ಈ ವಿಷಯವೇ ಬೇಕು.

1999ರ ಮಾತು. ನಮ್ಮ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಎಂಟನೇ ತರಗತಿಯ ಒಬ್ಬ ಹುಡುಗ ಎರಡು ಬೆಂಚುಗಳನ್ನು ಜೋಡಿಸಿ ಅದರ ಮೇಲೆ ಏನೇನೋ ಸಾಮಾನು ಹರಡಿಕೊಂಡಿದ್ದ. ಉದ್ದಕ್ಕೆ ಸೀಳಿದ ಒಂದು ಪೈಪಿನ ಮೇಲೆ ಗೋಲಿ ಉರುಳಿಬಂದು ಬೆಂಕಿಪೆಟ್ಟಿಗೆಗಳ ಸಾಲಿಗೆ ಬಡಿಯುತ್ತದೆ. ಪೆಟ್ಟಿಗೆಗಳು ಒಂದರ ಮೇಲೊಂದು ಬೀಳುತ್ತವೆ. ಕೊನೆಯ ಪೆಟ್ಟಿಗೆ ಒಂದು ಕಲ್ಲನ್ನು ಬೆಂಚಿನಿಂದ ಕೆಳಕ್ಕೆ ದೂಡುತ್ತದೆ. ಕಲ್ಲಿಗೆ ಕಟ್ಟಿದ ದಾರ, ಹೊಲಿಗೆ ಯಂತ್ರದ ನೂಲಿನ ಉರುಳೆಯ ಮೇಲೆ ಹಾದು, ಒಂದು ಸೌಟನ್ನು ವಾಲಿಸುತ್ತದೆ. ಸೌಟಿನ ನೀರು ಪ್ಲಾಸ್ಟಿಕ್ ಲೋಟಕ್ಕೆ ಬೀಳುತ್ತದೆ. ಲೋಟ ಭಾರವಾಗಿ ಕೆಳಗಿಳಿಯುತ್ತದೆ. ಹೀಗೆ ಹದಿನಾಲ್ಕು ಹೆಜ್ಜೆ ದಾಟಿದ ಮೇಲೆ ಎರಡು ತಂತಿಗಳು ಒಂದನ್ನೊಂದು ಮುಟ್ಟಿ ಒಂದು ಟಾರ್ಚಿನ ಬಲ್ಬು ಹೊತ್ತಬೇಕು.

ನಾನು ಹೋಗಿ ನಿಂತೆ. ಅವನು ಗೋಲಿ ಬಿಟ್ಟ. ಏಳನೇ ಬೆಂಕಿಪೆಟ್ಟಿಗೆಗೆ ಎಲ್ಲವೂ ನಿಂತುಹೋಯಿತು. ಮತ್ತೆ ಜೋಡಿಸಿದ, ಮತ್ತೆ ಅಲ್ಲೇ ನಿಂತಿತು. ಆಗ ನಾನು, "ಅಲ್ಲ ಮಾರಾಯ, ಬಲ್ಬು ಹೊತ್ತಿಸಲು ಒಂದು ಸ್ವಿಚ್ಚು ಸಾಲದೇ? ಇದರಿಂದ ಏನು ಪ್ರಯೋಜನ?" ಎಂದೆ. ಸುತ್ತ ಇದ್ದ ಮಕ್ಕಳೆಲ್ಲ ನಕ್ಕರು. ನಾನು ಒಂದು ಒಳ್ಳೆಯ ತಮಾಷೆ ಮಾಡಿದೆ ಎಂದುಕೊಂಡೆ. ಮಧ್ಯಾಹ್ನ ಅತಿಥಿಗಳು ಬರುವ ಮೊದಲು ಆ ಬೆಂಚುಗಳನ್ನು ತೆಗೆಸಿದೆ. ಬಹುಮಾನ ಹೋದದ್ದು ಬಣ್ಣ ಬಳಿದ ಒಂದು ಜ್ವಾಲಾಮುಖಿ ಮಾದರಿಗೆ. ಅದನ್ನು ಮಾಡಿದ್ದು ಆ ಹುಡುಗನ ಮನೆಯ ಬಡಗಿ ಎಂಬುದು ನನಗೂ ಗೊತ್ತಿತ್ತು.

ಆ ಹುಡುಗನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅವನಿಗೂ ನನಗೂ ಅಂದು ಗೊತ್ತಿಲ್ಲದ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ. ಅವನು ಮಾಡಿದ ಬಗೆಯ ಯಂತ್ರಕ್ಕೆ ಜಗತ್ತಿನಲ್ಲಿ ಒಂದು ಹೆಸರಿದೆ, ಒಂದು ಇತಿಹಾಸವಿದೆ.

ಎಂಜಿನಿಯರ್ ಆಗಿದ್ದ ವ್ಯಂಗ್ಯಚಿತ್ರಕಾರ

ಅಮೆರಿಕದಲ್ಲಿ ಇಂಥ ಯಂತ್ರವನ್ನು 'ರೂಬ್ ಗೋಲ್ಡ್‌ಬರ್ಗ್ ಯಂತ್ರ' ಎನ್ನುತ್ತಾರೆ. ರೂಬ್ ಗೋಲ್ಡ್‌ಬರ್ಗ್ 1883ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರು. ಚಿಕ್ಕಂದಿನಿಂದ ಚಿತ್ರ ಬಿಡಿಸುವ ಹುಚ್ಚು. ಆದರೆ ಮಗ ಎಂಜಿನಿಯರ್ ಆಗಲಿ ಎಂಬುದು ತಂದೆಯ ಆಸೆ. ಈ ಮಾತು ಕೇಳಿ ನಿಮ್ಮಲ್ಲಿ ಕೆಲವರು ಪಕ್ಕದವರ ಮುಖ ನೋಡಿಕೊಳ್ಳುತ್ತಿದ್ದೀರಿ. ಈ ಕಥೆ ಎಲ್ಲ ದೇಶದಲ್ಲೂ ಒಂದೇ. ಅವರು 1904ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿ, ನಗರದ ನೀರು ಮತ್ತು ಒಳಚರಂಡಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಸುಮಾರು ಆರೇ ತಿಂಗಳು. ಆಮೇಲೆ ಕೆಲಸ ಬಿಟ್ಟು ಒಂದು ಪತ್ರಿಕಾ ಕಚೇರಿಗೆ ಸೇರಿದರು. 1907ರಲ್ಲಿ ನ್ಯೂಯಾರ್ಕಿಗೆ ಹೋಗಿ ದೇಶಕ್ಕೇ ಪರಿಚಿತರಾದ ವ್ಯಂಗ್ಯಚಿತ್ರಕಾರರಾದರು.

ಕಲಿತ ಎಂಜಿನಿಯರಿಂಗ್ ಮಾತ್ರ ವ್ಯರ್ಥವಾಗಲಿಲ್ಲ. ಕಾಲೇಜಿನಲ್ಲಿದ್ದಾಗ ಅವರ ಪ್ರಾಧ್ಯಾಪಕರೊಬ್ಬರು ಭೂಮಿಯ ತೂಕ ಕಂಡುಹಿಡಿಯುವುದಕ್ಕೆಂದು ಕೊಳವೆ, ತಂತಿ, ಬುರುಡೆಗಳನ್ನೆಲ್ಲ ಸೇರಿಸಿ ಮಾಡಿದ ಒಂದು ದೊಡ್ಡ ಉಪಕರಣವನ್ನು ತೋರಿಸಿದ್ದರಂತೆ. ಅದನ್ನು ನೋಡಿ ಅವರಿಗೆ ನಗು ಬಂದಿತ್ತು. ಆ ನಗುವೇ ಮುಂದೆ ಅವರ ಚಿತ್ರಗಳಲ್ಲಿ ಬಂತು. ಪ್ರೊಫೆಸರ್ ಬಟ್ಸ್ ಎಂಬ ಒಂದು ಪಾತ್ರವನ್ನು ಸೃಷ್ಟಿಸಿ, ಅವನ ಹೆಸರಿನಲ್ಲಿ ವಿಚಿತ್ರ ಯಂತ್ರಗಳನ್ನು ಬರೆದರು.

ಅವುಗಳಲ್ಲಿ ಪ್ರಸಿದ್ಧವಾದದ್ದು, ಊಟ ಮಾಡುವವನ ಬಾಯಿಯನ್ನು ತಾನಾಗಿಯೇ ಒರೆಸುವ ಕರವಸ್ತ್ರ. ಮನುಷ್ಯ ಸೂಪಿನ ಚಮಚವನ್ನು ಬಾಯಿಗೆ ಎತ್ತಿದ ಕೂಡಲೇ ಅದಕ್ಕೆ ಕಟ್ಟಿದ ದಾರ ಒಂದು ಸೌಟನ್ನು ಎಳೆಯುತ್ತದೆ. ಸೌಟು ಒಂದು ಬಿಸ್ಕತ್ತನ್ನು ಗಿಣಿಯ ಮುಂದೆ ಎಸೆಯುತ್ತದೆ. ಗಿಣಿ ಅದರ ಹಿಂದೆ ಹಾರುತ್ತದೆ. ಗಿಣಿ ಕುಳಿತಿದ್ದ ಕೋಲು ವಾಲಿ, ಕಾಳುಗಳು ಒಂದು ಬಕೆಟ್ಟಿಗೆ ಬೀಳುತ್ತವೆ. ಬಕೆಟ್ಟು ಭಾರವಾಗಿ ಇನ್ನೊಂದು ದಾರ ಎಳೆಯುತ್ತದೆ. ಲೈಟರ್ ಹೊತ್ತಿಕೊಳ್ಳುತ್ತದೆ. ಅದರಿಂದ ಒಂದು ರಾಕೆಟ್ ಪಟಾಕಿ ಹಾರುತ್ತದೆ. ಅದು ಒಂದು ಕುಡುಗೋಲನ್ನು ಎಳೆಯುತ್ತದೆ. ಕುಡುಗೋಲು ದಾರವನ್ನು ಕತ್ತರಿಸುತ್ತದೆ. ಆಗ ಗಡಿಯಾರದ ಲೋಲಕಕ್ಕೆ ಕಟ್ಟಿದ ಕರವಸ್ತ್ರ ಆಚೆಗೂ ಈಚೆಗೂ ತೂಗಾಡಿ ಗದ್ದ ಒರೆಸುತ್ತದೆ. ಇಷ್ಟೆಲ್ಲ ಯಾಕೆ? ಮನುಷ್ಯನಿಗೆ ಇನ್ನೊಂದು ಕೈ ಇದ್ದೇ ಇದೆ!

ಚಿತ್ರದಲ್ಲಿ ಇರುವುದು ನಗು ಮಾತ್ರವಲ್ಲ. ಯಂತ್ರಗಳು ಮನೆಮನೆಗೆ ಬರುತ್ತಿದ್ದ ಕಾಲ ಅದು. ಕೆಲಸ ಸುಲಭ ಮಾಡಲು ಬಂದ ಯಂತ್ರ ಕೆಲಸವನ್ನು ಕಷ್ಟ ಮಾಡುತ್ತಿದೆಯೋ ಹೇಗೆ ಎಂದು ಗೋಲ್ಡ್‌ಬರ್ಗ್ ಕೇಳಿದರು. 1931ರಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಅವರ ಹೆಸರನ್ನೇ ಒಂದು ವಿಶೇಷಣವಾಗಿ ಸೇರಿಸಿಕೊಂಡಿತು. ಸುಲಭದ ಕೆಲಸವನ್ನು ಸುತ್ತುಬಳಸಿ ಮಾಡುವುದು ಎಂದು ಅರ್ಥ. 1948ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು, ಅದು ಅಣುಬಾಂಬಿನ ಅಪಾಯದ ಬಗ್ಗೆ ಬರೆದ ಒಂದು ರಾಜಕೀಯ ವ್ಯಂಗ್ಯಚಿತ್ರಕ್ಕೆ. 1970ರಲ್ಲಿ ಅವರು ತೀರಿಕೊಂಡರು.

ಇಂಗ್ಲೆಂಡಿನಲ್ಲಿ ಇದೇ ಕೆಲಸವನ್ನು ಹೀತ್ ರಾಬಿನ್ಸನ್ ಎಂಬ ಚಿತ್ರಕಾರರು ಮಾಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಜರ್ಮನರ ಗುಪ್ತಲಿಪಿ ಬಿಡಿಸಲು ಒಂದು ಯಂತ್ರ ತಯಾರಾಯಿತು. ಎರಡು ಕಾಗದದ ಪಟ್ಟಿಗಳು ಚಕ್ರಗಳ ಮೇಲೆ ವೇಗವಾಗಿ ಒಟ್ಟಿಗೆ ಓಡಬೇಕಾಗಿದ್ದ ಆ ಯಂತ್ರವನ್ನು ನೋಡಿ, ಅಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳು ಅದಕ್ಕೆ 'ಹೀತ್ ರಾಬಿನ್ಸನ್' ಎಂದೇ ಹೆಸರಿಟ್ಟರು. ಪಟ್ಟಿಗಳ ಹೊಂದಾಣಿಕೆ ತಪ್ಪುವುದೇ ಅದರ ದೊಡ್ಡ ಕಾಟ. ಟಾಮಿ ಫ್ಲವರ್ಸ್ ಎಂಬ ಎಂಜಿನಿಯರ್ ಒಂದು ಪಟ್ಟಿಯನ್ನೇ ತೆಗೆದುಹಾಕಿ, ಅದರ ಕೆಲಸವನ್ನು ವಿದ್ಯುತ್ ವಾಲ್ವುಗಳಿಂದ ಮಾಡಿಸಿದರು. ಹಾಗೆ 1944ರಲ್ಲಿ ಕೆಲಸಕ್ಕೆ ಬಂದ 'ಕೊಲೊಸಸ್' ಕಂಪ್ಯೂಟರ್ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಹೆಚ್ಚಿನ ಹೆಜ್ಜೆ ಎಲ್ಲಿದೆ ಎಂದು ಕಂಡವನಿಗೇ ಅದನ್ನು ತೆಗೆಯುವ ದಾರಿಯೂ ಕಾಣುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಆನೆಯ ಹೊಟ್ಟೆಯೊಳಗಿನ ಬಟ್ಟಲು

ಇದು ಪಾಶ್ಚಾತ್ಯರ ಹುಚ್ಚು ಎಂದು ಯಾರಾದರೂ ಅಂದುಕೊಳ್ಳಬಹುದು. ಹಾಗಲ್ಲ. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಕರೆಯಲ್ಪಡುವ ಮೂವರು ಸಹೋದರರಿದ್ದರು. ಮುಹಮ್ಮದ್, ಅಹ್ಮದ್ ಮತ್ತು ಹಸನ್. ಅವರು ಸುಮಾರು ನೂರು ಚಮತ್ಕಾರಿಕ ಉಪಕರಣಗಳ ಬಗ್ಗೆ ಒಂದು ಗ್ರಂಥ ಬರೆದರು. ಅವುಗಳಲ್ಲಿ ಬಹಳಷ್ಟು ಹೂಜಿಗಳು, ಕಾರಂಜಿಗಳು. ನೋಡಿದವರನ್ನು ಬೆರಗುಗೊಳಿಸುವುದಕ್ಕಾಗಿಯೇ ಮಾಡಿದವು.

ಅವರಾದ ಮೇಲೆ ಬಂದವರು ಅಲ್-ಜಝರಿ. ಈಗಿನ ಟರ್ಕಿಯ ದಿಯಾರ್‌ಬಕಿರ್‌ನಲ್ಲಿ ಆರ್ತುಕಿದ್ ಅರಸರ ಆಸ್ಥಾನದಲ್ಲಿದ್ದವರು. 1206ರಲ್ಲಿ ಐವತ್ತು ಯಂತ್ರಗಳ ರಚನೆಯನ್ನು ಚಿತ್ರಸಹಿತ ವಿವರಿಸಿದ ಗ್ರಂಥವನ್ನು ಅವರು ಪೂರ್ತಿ ಮಾಡಿದರು. ಅದರಲ್ಲಿ ಒಂದು ಆನೆಯ ಗಡಿಯಾರ. ಆನೆಯ ಹೊಟ್ಟೆಯೊಳಗೆ ನೀರಿನ ತೊಟ್ಟಿ, ತೊಟ್ಟಿಯಲ್ಲಿ ತೇಲುವ ಒಂದು ಬಟ್ಟಲು. ಬಟ್ಟಲಿನ ತಳದಲ್ಲಿ ಸಣ್ಣ ತೂತು. ನೀರು ನಿಧಾನವಾಗಿ ತುಂಬಿ, ಅರ್ಧ ಗಂಟೆಗೆ ಬಟ್ಟಲು ಮುಳುಗುತ್ತದೆ. ನಮ್ಮ ದೇಶದಲ್ಲಿ ಹಿಂದೆ ಬಳಕೆಯಲ್ಲಿದ್ದ ಗಳಿಗೆ ಬಟ್ಟಲಿನ ತತ್ವವೇ ಇದು; ನಮ್ಮದರಲ್ಲಿ ಒಂದು ಗಳಿಗೆ ಎಂದರೆ 24 ನಿಮಿಷ. ಮುಳುಗುವ ಬಟ್ಟಲು ಒಂದು ದಾರವನ್ನು ಎಳೆಯುತ್ತದೆ. ಆನೆಯ ಬೆನ್ನ ಮೇಲಿನ ಗೋಪುರದಿಂದ ಒಂದು ಗುಂಡು ಬಿಡುಗಡೆಯಾಗುತ್ತದೆ. ಗುಂಡು ಗಿಡುಗನ ಬಾಯಿಯಿಂದ ಹೊರಬಂದು ಸರ್ಪದ ಬಾಯಿಗೆ ಬೀಳುತ್ತದೆ. ಭಾರಕ್ಕೆ ಸರ್ಪ ಕೆಳಗೆ ಬಾಗುತ್ತದೆ. ಹಾಗೆ ಬಾಗುವಾಗ ಅದು ಮುಳುಗಿದ ಬಟ್ಟಲನ್ನು ಸರಪಳಿಯಿಂದ ಮೇಲಕ್ಕೆ ಎತ್ತಿ ಖಾಲಿ ಮಾಡುತ್ತದೆ. ಮಾವುತನ ಗೊಂಬೆ ಕೈ ಬೀಸಿ ಬಡಿಯುತ್ತದೆ. ಗುಂಡು ಪಾತ್ರೆಗೆ ಬಿದ್ದು ಶಬ್ದವಾಗುತ್ತದೆ. ಸರ್ಪ ಹಗುರಾಗಿ ಮೇಲೇಳುತ್ತದೆ. ಬಟ್ಟಲು ಮತ್ತೆ ತೇಲಲು ತೊಡಗುತ್ತದೆ.

ಸಮಯ ತಿಳಿಯಲು ಬಟ್ಟಲೊಂದೇ ಸಾಕಿತ್ತು. ಆನೆ ಬೇಕಿರಲಿಲ್ಲ, ಸರ್ಪ ಬೇಕಿರಲಿಲ್ಲ, ಗಿಡುಗ ಬೇಕಿರಲಿಲ್ಲ. ಆದರೆ ಬೇಡದ ಆ ಸರ್ಪವೇ ಬಟ್ಟಲನ್ನು ಮತ್ತೆ ಮೇಲೆತ್ತುವ ಕೆಲಸವನ್ನೂ ಮಾಡಿತು. ಆಟದಿಂದ ಹುಟ್ಟಿದ ಭಾಗ ಯಂತ್ರದ ಮುಖ್ಯ ಭಾಗವಾಯಿತು. ದುಬೈಯಲ್ಲಿ ದುಡಿಯುವ ನಮ್ಮ ಸದಸ್ಯರು ಅಲ್ಲಿನ ಇಬ್ನ್ ಬತೂತಾ ಮಾಲ್‌ನಲ್ಲಿ ಈ ಗಡಿಯಾರದ ದೊಡ್ಡ ಪ್ರತಿಕೃತಿಯನ್ನು ನೋಡಿರಬಹುದು. ಎಷ್ಟೋ ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇನ್ನು ಮೇಲೆ ಹೋದಾಗ ಹೊಟ್ಟೆಯೊಳಗಿನ ಬಟ್ಟಲನ್ನೂ ನೆನಪಿಸಿಕೊಳ್ಳಿ.

ನಮ್ಮ ಹಿಂದಿನವರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರು ಎಂದು ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಅಲ್-ಜಝರಿ ಎದೆ ತಟ್ಟಿಕೊಳ್ಳಲಿಲ್ಲ, ಅಳತೆ ಬರೆದಿಟ್ಟರು. ಇನ್ನೊಬ್ಬ ಕುಶಲಕರ್ಮಿ ಓದಿ ಮಾಡುವಂತೆ ಬರೆದಿಟ್ಟರು. ನಾವು ಕಲಿಯಬೇಕಾದದ್ದು ಅದನ್ನು.

ಯಾಕೆ ಮನಸ್ಸು ಸೋಲುತ್ತದೆ?

ಇಂಥ ಯಂತ್ರ ಎಲ್ಲಿದ್ದರೂ ಜನ ನಿಂತು ನೋಡುತ್ತಾರೆ. 1987ರಲ್ಲಿ ಸ್ವಿಟ್ಜರ್ಲೆಂಡಿನ ಫಿಶ್ಲಿ ಮತ್ತು ವೈಸ್ ಎಂಬ ಇಬ್ಬರು ಕಲಾವಿದರು ಹಳೆ ಟಯರು, ಏಣಿ, ಕೆಟಲು, ಬೆಂಕಿ, ನೊರೆ ಇಂಥವನ್ನೇ ಇಟ್ಟುಕೊಂಡು ಅರ್ಧ ಗಂಟೆಯ ಒಂದು ಚಲನಚಿತ್ರ ಮಾಡಿದರು. ಅದರಲ್ಲಿ ಮನುಷ್ಯರೇ ಇಲ್ಲ, ಮಾತೇ ಇಲ್ಲ. ಜಪಾನಿನ ಸಾರ್ವಜನಿಕ ಪ್ರಸಾರ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ 'ಪಿತಾಗೊರಾ ಸುಯಿಚ್ಚಿ' ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಪೆನ್ಸಿಲು, ಪುಸ್ತಕ, ಗೋಲಿಗಳೇ ಪಾತ್ರಧಾರಿಗಳು. 2003ರಲ್ಲಿ ಹೋಂಡಾ ಕಂಪನಿ ಒಂದು ಕಾರಿನ ಬಿಡಿಭಾಗಗಳು ಒಂದನ್ನೊಂದು ದೂಡಿಕೊಂಡು ಹೋಗುವ ಎರಡು ನಿಮಿಷದ ಜಾಹೀರಾತು ಮಾಡಿಸಿತು. ಸರಿಯಾಗಿ ಬರುವ ತನಕ ಅದನ್ನು 600ಕ್ಕೂ ಹೆಚ್ಚು ಬಾರಿ ಚಿತ್ರೀಕರಿಸಬೇಕಾಯಿತು.

ಈ ಆಕರ್ಷಣೆಗೆ ನನಗೆ ಮೂರು ಕಾರಣಗಳು ಕಾಣುತ್ತವೆ.

ಮೊದಲನೆಯದು, ಕಾರಣ ಮತ್ತು ಪರಿಣಾಮ ಎರಡೂ ಕಣ್ಣಿಗೆ ಬೀಳುತ್ತವೆ. ನಿಮ್ಮ ಜೇಬಿನಲ್ಲಿರುವ ಮೊಬೈಲು ಈ ಯಂತ್ರಗಳಿಗಿಂತ ಕೋಟಿ ಪಾಲು ಜಟಿಲ. ಆದರೆ ಅದರೊಳಗೆ ಏನು ನಡೆಯುತ್ತದೆ ಎಂದು ನೋಡುವಂತಿಲ್ಲ. ಬೆರಳು ಮುಟ್ಟಿತು, ಚಿತ್ರ ಬಂತು, ಅಷ್ಟೇ. ಇಲ್ಲಿ ಗೋಲಿ ಬಡಿದದ್ದರಿಂದಲೇ ಪೆಟ್ಟಿಗೆ ಬಿತ್ತು, ಪೆಟ್ಟಿಗೆ ಬಿದ್ದದ್ದರಿಂದಲೇ ಕಲ್ಲು ಬಿತ್ತು ಎಂಬುದಕ್ಕೆ ನೀವೇ ಸಾಕ್ಷಿ. ಚಿಕ್ಕ ಮಗು "ಯಾಕೆ, ಯಾಕೆ" ಎಂದು ಕೇಳುವುದಕ್ಕೆ ಈ ಯಂತ್ರ ಕೊನೆಯ ತನಕ ಬೇಸರಿಸದೆ ಉತ್ತರ ಕೊಡುತ್ತದೆ. ಅಜ್ಜಿಯರು ಹೇಳುವ, ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ ಕಥೆಗಳಲ್ಲಿ ಮಕ್ಕಳಿಗೆ ಸಿಗುವ ಸುಖವೂ ಇದೇ.

ಎರಡನೆಯದು, ಅದು ಯಾವ ಕ್ಷಣದಲ್ಲಿ ಬೇಕಾದರೂ ನಿಲ್ಲಬಹುದು. ಇಲ್ಲಿ ಒಂದು ಸಣ್ಣ ಲೆಕ್ಕ. ನಿಮ್ಮ ಯಂತ್ರದಲ್ಲಿ 14 ಹೆಜ್ಜೆಗಳಿವೆ ಎನ್ನಿ. ಪ್ರತಿಯೊಂದು ಹೆಜ್ಜೆಯೂ ನೂರಕ್ಕೆ 95 ಬಾರಿ ಸರಿಯಾಗಿ ನಡೆಯುತ್ತದೆ ಎನ್ನಿ. ಪರೀಕ್ಷೆಯಲ್ಲಿ ನೂರಕ್ಕೆ 95 ಬಂದರೆ ನಾವು ಶಾಲು ಹೊದಿಸುತ್ತೇವೆ. ಆದರೆ 0.95ನ್ನು 14 ಬಾರಿ ಗುಣಿಸಿದರೆ ಬರುವುದು 0.49. ಅಂದರೆ ಇಡೀ ಯಂತ್ರ ನೂರಕ್ಕೆ 49 ಬಾರಿ ಮಾತ್ರ ಯಶಸ್ವಿ. 20 ಹೆಜ್ಜೆಯಾದರೆ 36 ಬಾರಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1949ರಲ್ಲಿ ಎರಡು ವಿದ್ಯಾರ್ಥಿ ಗುಂಪುಗಳ ನಡುವೆ ಇಂಥ ಯಂತ್ರಗಳ ಸ್ಪರ್ಧೆ ಶುರುವಾಯಿತು. ನಡುವೆ ನಿಂತು, 1983ರಲ್ಲಿ ಮತ್ತೆ ಆರಂಭವಾಗಿ, 1988ರಲ್ಲಿ ರಾಷ್ಟ್ರೀಯ ಸ್ಪರ್ಧೆಯಾಯಿತು. ಪೆನ್ಸಿಲು ಚೂಪು ಮಾಡುವುದು, ಬ್ರಶ್ಶಿಗೆ ಪೇಸ್ಟ್ ಹಾಕುವುದು, ಇಂಥ ಕೆಲಸಗಳನ್ನು ಕನಿಷ್ಠ 20 ಹೆಜ್ಜೆಗಳಲ್ಲಿ ಮಾಡಬೇಕು ಎಂಬುದು ನಿಯಮವಾಗಿತ್ತು. 2012ರಲ್ಲಿ ಅಲ್ಲಿನ ವಿದ್ಯಾರ್ಥಿಗಳು 300 ಹೆಜ್ಜೆಗಳ ಯಂತ್ರವನ್ನೇ ಮಾಡಿದರು. ಪ್ರತಿ ಹೆಜ್ಜೆಯೂ ನೂರಕ್ಕೆ 99 ಬಾರಿ ಸರಿಯಿದ್ದರೂ, 300 ಹೆಜ್ಜೆಗಳ ಯಂತ್ರ ನೂರರಲ್ಲಿ ಐದೇ ಬಾರಿ ಕೊನೆ ಮುಟ್ಟುತ್ತದೆ. ಈಗ ಹೇಳಿ, ಆ ಮಕ್ಕಳು ಎಷ್ಟು ತಾಳ್ಮೆಯಿಂದ ಒಂದೊಂದು ಹೆಜ್ಜೆಯನ್ನೂ ತಿದ್ದಿರಬೇಕು?

ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಮೊದಲ ಗೋಲಿಯ ಶಕ್ತಿಯೇ ಕೊನೆಯ ತನಕ ಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ಅದು ತಪ್ಪು. ಗೋಲಿಯ ಶಕ್ತಿ ಘರ್ಷಣೆಯಲ್ಲಿ, ಶಬ್ದದಲ್ಲಿ ಬೇಗನೇ ಮುಗಿದುಹೋಗುತ್ತದೆ. ನೆಟ್ಟಗೆ ನಿಲ್ಲಿಸಿದ ಪ್ರತಿಯೊಂದು ಪೆಟ್ಟಿಗೆಯಲ್ಲೂ, ಮೇಲೆ ಇಟ್ಟ ಪ್ರತಿಯೊಂದು ಕಲ್ಲಿನಲ್ಲೂ ಅದರದೇ ಆದ ಶಕ್ತಿ ಅಡಗಿರುತ್ತದೆ. ಭೌತಶಾಸ್ತ್ರದಲ್ಲಿ ನಾವು ಅದನ್ನು ಪ್ರಚ್ಛನ್ನ ಶಕ್ತಿ ಎನ್ನುತ್ತೇವೆ. ಅದನ್ನು ಅಲ್ಲಿ ತುಂಬಿದ್ದು ಎತ್ತಿ ನಿಲ್ಲಿಸಿದ ಕೈ. ಹಿಂದಿನ ಹೆಜ್ಜೆ ಮಾಡುವುದು ಸಣ್ಣದಾಗಿ ಮುಟ್ಟಿ ಬಿಡಿಸುವ ಕೆಲಸ ಮಾತ್ರ. 1983ರಲ್ಲಿ ಲೋರ್ನ್ ವೈಟ್‌ಹೆಡ್ ಎಂಬ ಭೌತವಿಜ್ಞಾನಿ, ಬೀಳುವ ಒಂದು ಡೊಮಿನೊ ಬಿಲ್ಲೆ ತನಗಿಂತ ಒಂದೂವರೆ ಪಟ್ಟು ದೊಡ್ಡ ಬಿಲ್ಲೆಯನ್ನು ಉರುಳಿಸಬಲ್ಲದು ಎಂದು ತೋರಿಸಿದರು. 5 ಮಿಲಿಮೀಟರ್ ಎತ್ತರದ ಬಿಲ್ಲೆಯಿಂದ ಆರಂಭಿಸಿ ಒಂದೂವರೆ ಪಟ್ಟಿನಂತೆ ಏರಿಸುತ್ತಾ ಹೋದರೆ, ಹದಿಮೂರನೆಯದು 65 ಸೆಂಟಿಮೀಟರ್, ಎಂದರೆ ಎರಡು ಅಡಿಗಿಂತ ಎತ್ತರ! ಉಗುರಿನಷ್ಟೂ ಇಲ್ಲದ ಬಿಲ್ಲೆ ಅದನ್ನು ಉರುಳಿಸುತ್ತದೆ. ಆದರೆ ನಡುವಿನ ಯಾವ ಬಿಲ್ಲೆಯೂ ಟೊಳ್ಳಾಗಿರಬಾರದು.

ಏಳನೇ ಬೆಂಕಿಪೆಟ್ಟಿಗೆ

ಈಗ ಆ ಹುಡುಗನ ವಿಷಯ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಅವನು ಓದು ಬಿಟ್ಟ ಎಂದು ಮಾತ್ರ ನನಗೆ ಗೊತ್ತಿತ್ತು. ಕಳೆದ ವರ್ಷ ಬೇಸಿಗೆಯಲ್ಲಿ ನಮ್ಮ ಮನೆಯ ನಲ್ಲಿಯಲ್ಲಿ ನೀರು ನಿಂತಿತು. ಒಬ್ಬ ಮೆಕ್ಯಾನಿಕ್ ಬಂದು ಮೋಟಾರು ಸುಟ್ಟಿದೆ, ಬಿಚ್ಚಬೇಕು ಎಂದ. ಇನ್ನೊಬ್ಬರನ್ನು ಕರೆಸಿದೆವು. ಬಂದವನು ನನ್ನನ್ನು ನೋಡಿ, "ಸಾರ್, ನಾನು ನಿಮ್ಮ ಸ್ಟೂಡೆಂಟ್" ಎಂದ. ಗುರುತು ಹತ್ತಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅವನು ಮೋಟಾರಿನ ಹತ್ತಿರ ಹೋಗಲೇ ಇಲ್ಲ. ಮೊದಲು ನಲ್ಲಿ ತಿರುಗಿಸಿದ. ಆಮೇಲೆ ಮೇಲೆ ಹತ್ತಿ ಟ್ಯಾಂಕು ನೋಡಿದ, ಖಾಲಿ. ಕೆಳಗೆ ಬಂದು ಸ್ಟಾರ್ಟರನ್ನು ಕೈಯಿಂದಲೇ ಒತ್ತಿದ. ಮೋಟಾರು ಓಡಿತು, ನೀರು ಬಂತು! "ಹಾಗಾದರೆ ಬಾವಿ ಸರಿ, ಫುಟ್‌ವಾಲ್ವ್ ಸರಿ, ಮೋಟಾರು ಸರಿ. ತೊಂದರೆ ಟ್ಯಾಂಕಿಗೂ ಸ್ಟಾರ್ಟರಿಗೂ ನಡುವೆ" ಎಂದ. ಮತ್ತೆ ಮೇಲೆ ಹೋಗಿ ನೋಡಿದರೆ, ಟ್ಯಾಂಕಿನೊಳಗಿನ ತೇಲುಗುಂಡಿನ ವಯರು ಪೈಪಿಗೆ ಸುತ್ತಿಕೊಂಡು ಗುಂಡು ಮೇಲೆಯೇ ನೇತಾಡುತ್ತಿತ್ತು. ಟ್ಯಾಂಕು ತುಂಬಿದೆ ಎಂದು ಅದು ಹೇಳುತ್ತಲೇ ಇತ್ತು. ಹತ್ತು ನಿಮಿಷದ ಕೆಲಸ.

"ಇದನ್ನು ಎಲ್ಲಿ ಕಲಿತೆ?" ಎಂದು ಕೇಳಿದೆ. "ಕೊನೆಯಿಂದ ಹಿಂದಕ್ಕೆ ಬರಬೇಕು ಸಾರ್. ಎಲ್ಲಿಯವರೆಗೆ ಸರಿ ಇದೆ ಎಂದು ನೋಡುತ್ತಾ ಬಂದರೆ ನಿಂತ ಜಾಗ ಸಿಗುತ್ತದೆ" ಎಂದ. ಸ್ವಲ್ಪ ತಡೆದು ಹೇಳಿದ: "ಆ ಏಳನೇ ಬೆಂಕಿಪೆಟ್ಟಿಗೆ ನೆನಪಿದೆಯಾ ಸಾರ್? ಅದು ಖಾಲಿ ಇತ್ತು. ಬೇರೆ ಎಲ್ಲವೂ ತುಂಬಿದ್ದವು. ಬೆಳಿಗ್ಗೆ ಉಮ್ಮ ಒಲೆ ಹಚ್ಚಲು ಅದರ ಕಡ್ಡಿ ತೆಗೆದಿದ್ದರು. ಖಾಲಿ ಪೆಟ್ಟಿಗೆಗೆ ಮುಂದಿನದನ್ನು ಬೀಳಿಸುವ ಭಾರ ಇರಲಿಲ್ಲ. ಸಂಜೆಯೇ ನನಗೆ ಗೊತ್ತಾಯಿತು. ಮರುದಿನ ನಿಮಗೆ ಹೇಳೋಣ ಎಂದು ಬಂದೆ. ಆದರೆ ಬೆಂಚು ತೆಗೆಸಿದ್ದಿರಲ್ಲ, ಹಾಗೆ ಸುಮ್ಮನಾದೆ."

ಮಿತ್ರರೇ, ಎಂಟನೇ ತರಗತಿಯ ಹುಡುಗ ತಾನಾಗಿಯೇ ಪ್ರಚ್ಛನ್ನ ಶಕ್ತಿಯ ಪಾಠವನ್ನು ಕಂಡುಕೊಂಡಿದ್ದ. ಹೇಳಲು ಬಂದಿದ್ದ. ಕೇಳಲು ಮೇಷ್ಟ್ರು ಇರಲಿಲ್ಲ. ನನ್ನ ಒಂದು ಮಾತಿನಿಂದಲೇ ಅವನು ಓದು ಬಿಟ್ಟ ಎಂದು ನಾನು ಹೇಳುವುದಿಲ್ಲ. ಮನೆಯ ಪರಿಸ್ಥಿತಿಯೂ ಇತ್ತು. ಅವನೂ ಹಾಗೆ ಹೇಳಲಿಲ್ಲ. ಇಂದು ಅವನು ಒಳ್ಳೆಯ ಕೆಲಸಗಾರ, ನಾಲ್ಕು ಜನರಿಗೆ ಕೆಲಸ ಕೊಟ್ಟಿದ್ದಾನೆ. ಅದಕ್ಕಾಗಿ ಅಲ್ಲಾಹನಿಗೆ ಸ್ತುತಿ. ಆದರೆ ಆ ದಿನ ನಾನು "ಯಾಕೆ ನಿಂತಿತು?" ಎಂದು ಕೇಳಬೇಕಾಗಿತ್ತು. "ಏನು ಪ್ರಯೋಜನ?" ಎಂದು ಕೇಳಿದೆ. ಶಿಕ್ಷಕರು ಮತ್ತು ಪೋಷಕರು ಈ ಎರಡು ಪ್ರಶ್ನೆಗಳ ವ್ಯತ್ಯಾಸವನ್ನು ಮರೆಯಬಾರದು.

ಸಂಘಕ್ಕೆ ಒಂದು ಮಾತು

ಅವನಿಂದ ಕಲಿತದ್ದನ್ನು ನಾನು ಸ್ವಲ್ಪ ದಿನದಲ್ಲೇ ಬಳಸಬೇಕಾಯಿತು. ನಮ್ಮ ಸಂಘದ ನೆರವು ಪಡೆಯುವ ಒಬ್ಬ ಹೆಣ್ಣುಮಗಳು, ದ್ವಿತೀಯ ಪಿಯುಸಿ. ತಾಯಿ ಹೊಲಿಗೆ ಕೆಲಸ ಮಾಡುತ್ತಾರೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ ವರ್ಷವಾಗುತ್ತಾ ಬಂದರೂ ಹಣ ಬಂದಿರಲಿಲ್ಲ. ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್, ಬ್ಯಾಂಕ್ ಖಾತೆ, ಕಾಲೇಜಿನ ದೃಢೀಕರಣ, ಮೇಲಿನ ಕಚೇರಿಯ ದೃಢೀಕರಣ. ಗೋಲ್ಡ್‌ಬರ್ಗ್ ಇದ್ದಿದ್ದರೆ ಇದನ್ನೂ ಚಿತ್ರ ಬರೆಯುತ್ತಿದ್ದರು. ಎಲ್ಲಿ ಹೋಗಿ ಕೇಳಿದರೂ "ನಮ್ಮಲ್ಲಿ ಸರಿಯಿದೆ, ಮುಂದೆ ಹೋಗಿದೆ" ಎಂಬ ಉತ್ತರ. ಮಗಳು, "ಓದು ಸಾಕು, ನಾನೂ ಹೊಲಿಗೆಗೆ ಕೂರುತ್ತೇನೆ" ಎಂದು ತಾಯಿಗೆ ಹೇಳಿಬಿಟ್ಟಿದ್ದಳು.

ನಾವು ಮೂವರು ಸದಸ್ಯರು ಕೊನೆಯಿಂದ ಹಿಂದಕ್ಕೆ ಬಂದೆವು. ಮೊದಲು ಬ್ಯಾಂಕು. ಹಣ ಬಂದು ಹಿಂದಿರುಗಿತ್ತು! ಯಾಕೆ? ಅರ್ಜಿಯಲ್ಲಿ ಹೆಸರು 'ಫಾತಿಮಾ', ಖಾತೆಯಲ್ಲಿ 'ಫಾತಿಮತ್'. ಇಡೀ ಸರಪಳಿ ಒಂದು ಅಕ್ಷರಕ್ಕೆ ನಿಂತಿತ್ತು. ತಿದ್ದಿಸಲು ಮೂರು ವಾರ ಬೇಕಾಯಿತು. ಅಷ್ಟರ ತನಕ ಕಾಲೇಜಿನ ಫೀಸನ್ನು ಹೆಸರು ಹೇಳಬಾರದು ಎಂದ ಒಬ್ಬ ಸದಸ್ಯರು ಕಟ್ಟಿದರು. ಆ ಮಗಳು ಈ ಸಭೆಯಲ್ಲಿದ್ದಾಳೆ. ಯಾರು ಎಂದು ನಾನು ಹೇಳುವುದಿಲ್ಲ.

ಕಾಗದದ ಮೇಲೆ ಜಟಿಲ ಯಂತ್ರ ನೋಡಿದರೆ ನಗು ಬರುತ್ತದೆ. ಅದೇ ಯಂತ್ರದ ಕೊನೆಯಲ್ಲಿ ಒಬ್ಬ ಬಡ ಮಗುವನ್ನು ನಿಲ್ಲಿಸಿದರೆ ನಗು ಬರುವುದಿಲ್ಲ. ಆದ್ದರಿಂದ ಸಂಘಕ್ಕೆ ನನ್ನ ಎರಡು ಸಲಹೆಗಳಿವೆ.

ಮೊದಲನೆಯದು, ಪ್ರತಿ ವರ್ಷ ಅರ್ಜಿ ತುಂಬಿಸಿಕೊಡುವುದರ ಜೊತೆಗೆ, ಹಣ ಖಾತೆಗೆ ಬಂದಿದೆಯೇ ಎಂದು ಕೊನೆಯಿಂದ ಹಿಂದಕ್ಕೆ ವಿಚಾರಿಸುವ ನಾಲ್ಕು ಜನರ ಒಂದು ಸಮಿತಿ ಇರಲಿ. ಮಕ್ಕಳಲ್ಲಿ ಶಕ್ತಿ ಈಗಾಗಲೇ ಇದೆ. ಬೆಳಿಗ್ಗೆ ಎದ್ದು ತಿಂಡಿ ಮಾಡಿ ಕಳಿಸಿದ ತಾಯಿ, ಗಲ್ಫಿನ ಬಿಸಿಲಿನಲ್ಲಿ ದುಡಿಯುವ ತಂದೆ, ಅಕ್ಷರ ಕಲಿಸಿದ ಟೀಚರು, ಇವರೆಲ್ಲ ಎತ್ತಿ ನಿಲ್ಲಿಸಿದ್ದಾರೆ. ಸಂಘ ಮಾಡಬೇಕಾದದ್ದು ನಿಂತ ಜಾಗವನ್ನು ಹುಡುಕಿ ಸಣ್ಣದಾಗಿ ಮುಟ್ಟುವ ಕೆಲಸ.

ಎರಡನೆಯದು, ಮುಂದಿನ ವರ್ಷದ ವಸ್ತುಪ್ರದರ್ಶನದಲ್ಲಿ ಒಂದು ಉದ್ದನೆಯ ಮೇಜು 'ಪ್ರಯೋಜನವಿಲ್ಲದ ಯಂತ್ರ'ಗಳಿಗೆ ಮೀಸಲಿರಲಿ. ನಿಯಮಗಳು ಸರಳ. ಕನಿಷ್ಠ ಹತ್ತು ಹೆಜ್ಜೆ. ಮನೆಯಲ್ಲಿರುವ ಸಾಮಾನು ಮಾತ್ರ, ಅಂಗಡಿಯಿಂದ ತಂದ ಮಾದರಿ ಬೇಡ, ಬಡಗಿಯೂ ಬೇಡ. ಬೆಂಕಿ ಮತ್ತು ಮನೆಯ ಕರೆಂಟು ಬಳಸುವಂತಿಲ್ಲ, ಟಾರ್ಚಿನ ಸೆಲ್ ಸಾಕು. ಮೂರು ಬಾರಿ ಪ್ರಯತ್ನಿಸಬಹುದು. ಹೆಣ್ಣುಮಕ್ಕಳೂ ಗಂಡುಮಕ್ಕಳೂ ಭಾಗವಹಿಸಬೇಕು. ಒಂದು ಬಹುಮಾನ ಕೊನೆ ಮುಟ್ಟಿದ ಯಂತ್ರಕ್ಕೆ. ಇನ್ನೊಂದು, ಅಷ್ಟೇ ದೊಡ್ಡ ಬಹುಮಾನ, ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಒಂದು ಪುಟದಲ್ಲಿ ಚೆನ್ನಾಗಿ ಬರೆದ ವಿದ್ಯಾರ್ಥಿಗೆ. ಆ ಎರಡನೇ ಬಹುಮಾನವನ್ನು ನನ್ನ ಪಿಂಚಣಿಯಿಂದ ನಾನು ಕೊಡುತ್ತೇನೆ.

ತೀರ್ಪುಗಾರರಾಗಿ ಯಾರನ್ನು ಕರೆಯಬೇಕು ಎಂದು ಸಮಿತಿಯವರು ತಲೆ ಕೆಡಿಸಿಕೊಳ್ಳಬೇಡಿ. ಆ ಮೆಕ್ಯಾನಿಕ್ಕನ್ನು ನಾನು ಕೇಳಿದ್ದೇನೆ. "ನಾನು ಏನು ಓದಿದ್ದೇನೆ ಸಾರ್, ನನ್ನನ್ನು ಯಾಕೆ?" ಎಂದ. ಒತ್ತಾಯ ಮಾಡಿದ ಮೇಲೆ ಒಪ್ಪಿದ್ದಾನೆ. ಮೊದಲು ಅವನದೇ ಹದಿನಾಲ್ಕು ಹೆಜ್ಜೆಯ ಯಂತ್ರವನ್ನು ಮತ್ತೊಮ್ಮೆ ಜೋಡಿಸಬೇಕು, ಅದರ ಬಲ್ಬು ಹೊತ್ತಿದ ಮೇಲೆಯೇ ಪ್ರದರ್ಶನದ ಉದ್ಘಾಟನೆ ಎಂದು ಹೇಳಿದ್ದೇನೆ. ಬೆಂಕಿಪೆಟ್ಟಿಗೆಗಳನ್ನು ನಾನೇ ತರುತ್ತೇನೆ, ಒಂದೊಂದನ್ನೂ ಅಲುಗಾಡಿಸಿ ನೋಡಿಯೇ ತರುತ್ತೇನೆ.